ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಭಯವನ್ನು ತೂಗಿ ನೋಡುವ ಬಗೆ

ಕೆಲವು ವಾರಗಳ ಹಿಂದೆ, ಭಾನುವಾರದ ಎರಡನೆಯ ಬಲಿಪೂಜೆ ಮುಗಿದ ಮೇಲೆ, ಕನಕಪುರದ ಕಡೆಯ ದಂಪತಿಗಳಿಬ್ಬರು ಗುರುಮನೆಯ ಜಗಲಿಯಲ್ಲಿ ಕಾದು ಕುಳಿತಿದ್ದರು. ಗಂಡ ರೇಷ್ಮೆ ನೂಲು ತೆಗೆಯುವ ಕಸುಬಿನವರು. ಗೂಡಿನ ಮಾರುಕಟ್ಟೆಗೆಂದು ವಾರಕ್ಕೆ ಎರಡು ಮೂರು ಬಾರಿ ರಾಮನಗರಕ್ಕೆ ಬರುವವರು. ಹೆಂಡತಿಗೆ ನಲವತ್ತೆರಡು ವರ್ಷ. ಎತ್ತರ 156 ಸೆಂಟಿಮೀಟರ್, ತೂಕ 104 ಕಿಲೋ. ಏಳು ವರ್ಷಗಳಿಂದ ಸಕ್ಕರೆ ಕಾಯಿಲೆ. ಮೊಣಕಾಲು ಬಾಗಿಸಿ ಮಂಡಿಯೂರಲು ಆಗದೆ, ಪೂಜೆಯ ಉದ್ದಕ್ಕೂ ಕೊನೆಯ ಬೆಂಚಿನಲ್ಲಿ ಕುಳಿತೇ ಇರುತ್ತಾರೆ. ರಾತ್ರಿ ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆಂದೂ, ಅದನ್ನು ಕೇಳುತ್ತಾ ತಾವು ಎಚ್ಚರವಾಗಿಯೇ ಇರುತ್ತೇವೆಂದೂ ಗಂಡ ಹೇಳಿದರು. ಬೆಂಗಳೂರಿನ ವೈದ್ಯರೊಬ್ಬರು ಜಠರವನ್ನು ಚಿಕ್ಕದಾಗಿಸುವ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದ್ದಾರೆ.

ಮನೆಯಲ್ಲಿ ಮೂರು ಅಭಿಪ್ರಾಯಗಳು. ಗಂಡನಿಗೆ ಮಾಡಿಸಬೇಕೆಂಬ ಆಸೆ. ಆಕೆಯ ಅಣ್ಣನಿಗೆ ಸುತರಾಂ ಒಪ್ಪಿಗೆಯಿಲ್ಲ. ಪತ್ರಿಕೆಯಲ್ಲಿ ಓದಿದ ಸಾವುಗಳನ್ನು ಅವರು ಬೆರಳೆಣಿಸಿ ಹೇಳುತ್ತಾರೆ. ಅತ್ತೆಯವರದು ಬೇರೆಯೇ ಮಾತು: "ದೇವರು ಕೊಟ್ಟ ಹೊಟ್ಟೇನ ಕೊಯ್ಸೋದಾ? ಬಾಯಿ ಕಟ್ಟಿದ್ರೆ ಸಾಲದಾ?"

ಆಕೆ ಎಲ್ಲವನ್ನೂ ಕೇಳಿ ಸುಮ್ಮನಿದ್ದವರು, ಕೊನೆಗೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಸ್ವಾಮಿ, ಮಾಡಿಸ್ಕೊಂಡ್ರೆ ಎಲ್ಲಿ ಸತ್ತೋಗ್ತೀನೋ ಅಂತ ಹೆದ್ರಿಕೆ. ಮಾಡಿಸ್ಕೊಳ್ದೇ ಇದ್ರೂ ಅದೇ ಹೆದ್ರಿಕೆ. ಹೀಗೆ ಹೆದರೋದು ನನ್ನ ವಿಶ್ವಾಸದ ಕೊರತೇನಾ?"

ಆ ಪ್ರಶ್ನೆಗೆ ನಾನು ಅಂದು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಆ ಬಳಿಕ ಬಲ್ಲ ವೈದ್ಯರನ್ನು ಕೇಳಿ, ಓದಿ, ಆಲೋಚಿಸಿ ಬರೆದಿರುವುದು ಈ ಲೇಖನ. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಇನ್ನೂ ಅನೇಕ ಮನೆಗಳಲ್ಲಿ ಇದೇ ಚರ್ಚೆ ನಡೆಯುತ್ತಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ವಯಸ್ಕ ಮಹಿಳೆಯರಲ್ಲಿ ನೂರಕ್ಕೆ 24 ಮಂದಿ ಮಿತಿಮೀರಿದ ತೂಕದವರು. ಪುರುಷರಲ್ಲಿ ಸುಮಾರು 23 ಮಂದಿ. ಇದು ಪಟ್ಟಣದ ಶ್ರೀಮಂತರ ಕಾಯಿಲೆಯೆಂದು ತಳ್ಳಿಹಾಕುವ ಕಾಲ ಕಳೆದುಹೋಗಿದೆ.

ಭಯವು ಪಾಪವಲ್ಲ

ಮೊದಲು ಆಕೆಯ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಧೈರ್ಯವೆಂದರೆ ಭಯದ ಅಭಾವವಲ್ಲವೆಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗೂ ಹಿಂದೆ ವಿವರಿಸಿದ್ದಾನೆ. ಹೆದರಬೇಕಾದುದಕ್ಕೆ, ಹೆದರಬೇಕಾದಷ್ಟು, ಹೆದರಬೇಕಾದ ಹೊತ್ತಿನಲ್ಲಿ ಹೆದರುವವನೇ ಧೀರನು. ಎಲ್ಲಕ್ಕೂ ಹೆದರುವವನು ಹೇಡಿ. ಯಾವುದಕ್ಕೂ ಹೆದರದವನು ಹುಂಬ. ಸಂತ ತೋಮಸ್ ಅಕ್ವಿನಾಸರು ಇದನ್ನೇ ಮುಂದುವರಿಸಿ, ವಿವೇಕವೆಂಬ ಸದ್ಗುಣದ ಅಂಗಗಳನ್ನು ಎಣಿಸುವಾಗ, ಕಳೆದುದರ ನೆನಪು, ಬಲ್ಲವರ ಮಾತಿಗೆ ಕಿವಿಗೊಡುವ ವಿನಯ, ಮುಂದಾಲೋಚನೆ, ಸುತ್ತಲಿನ ಸಂದರ್ಭವನ್ನು ಗಮನಿಸುವಿಕೆ ಮತ್ತು ಎಚ್ಚರಿಕೆ ಇವುಗಳನ್ನೂ ಸೇರಿಸುತ್ತಾರೆ. ಎಚ್ಚರಿಕೆಯು ಸದ್ಗುಣದ ಅಂಗವಾದರೆ, ಆ ಎಚ್ಚರಿಕೆಯನ್ನು ಹುಟ್ಟಿಸುವ ಭಯವನ್ನು ಪಾಪವೆನ್ನುವುದು ಹೇಗೆ? ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂಬ ಸಾಮತಿಯನ್ನು ನಾವೆಲ್ಲರೂ ಬಲ್ಲೆವು. ಲೆಕ್ಕ ಹಾಕಿದವನನ್ನು ಪ್ರಭು ಅಲ್ಪವಿಶ್ವಾಸಿಯೆಂದು ಗದರಿಸಲಿಲ್ಲ.

ಆದ್ದರಿಂದ ಭಯವನ್ನು ಓಡಿಸುವುದು ನಮ್ಮ ಕೆಲಸವಲ್ಲ, ಅದನ್ನು ವಿಚಾರಣೆ ಮಾಡುವುದು ನಮ್ಮ ಕೆಲಸ. ನೀನು ಯಾವುದರ ಭಯ? ಎಷ್ಟು ಭಾರವುಳ್ಳ ಭಯ? ಎಲ್ಲಿಂದ ಬಂದೆ?

ಎರಡು ಸಾವುಗಳು, ಎರಡು ಪಾಠಗಳು

ಅಣ್ಣನವರು ಬೆರಳೆಣಿಸಿದ ಸಾವುಗಳಲ್ಲಿ ಮೊದಲನೆಯದು ಕಿರುತೆರೆಯ ನಟಿ ಚೇತನಾ ರಾಜ್ ಅವರದು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಒಳಗಾಗಿ ಆಕೆ ತೀರಿಕೊಂಡಾಗ ವಯಸ್ಸು ಕೇವಲ 21. ಹೆತ್ತವರಿಗೆ ತಿಳಿಸದೆ ಹೋಗಿದ್ದರೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದ್ದವು. ಧಾರಾವಾಹಿಗಳ ಮೂಲಕ ಮನೆಮನೆಗೆ ಪರಿಚಿತಳಾದ ಆ ಹುಡುಗಿಯ ಸಾವು ನಾಡಿನ ತಾಯಂದಿರ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿದೆ.

ಆದರೆ ಇಲ್ಲೊಂದು ಭೇದವನ್ನು ಗಮನಿಸಬೇಕು. ಅದು ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆ. ಆಕಾರವನ್ನು ತಿದ್ದುವುದು ಅದರ ಗುರಿ. ಸ್ಥೂಲಕಾಯವೆಂಬ ಕಾಯಿಲೆಗೆ ಅದು ಮದ್ದಲ್ಲ, ಸಕ್ಕರೆ ಕಾಯಿಲೆಯನ್ನು ಅದು ಹತೋಟಿಗೆ ತರುವುದೂ ಇಲ್ಲ. ನಮ್ಮ ಸಹೋದರಿಗೆ ವೈದ್ಯರು ಸೂಚಿಸಿರುವುದು ಬೇರೆ. 'ಸ್ಲೀವ್' ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚನ್ನೇ ಕತ್ತರಿಸಿ ತೆಗೆದು, ಉಳಿದುದನ್ನು ತೋಳಿನ ಆಕಾರದ ಕೊಳವೆಯಾಗಿ ಮಾಡುತ್ತಾರೆ. 'ಬೈಪಾಸ್' ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವೊಂದನ್ನು ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡೂ ಸಾಮಾನ್ಯವಾಗಿ ಸಣ್ಣ ರಂಧ್ರಗಳ ಮೂಲಕವೇ ನಡೆಯುತ್ತವೆ. ಇವುಗಳಿಂದ ಉಣ್ಣುವ ಪ್ರಮಾಣವಷ್ಟೇ ಅಲ್ಲ, ಹಸಿವನ್ನು ಹುಟ್ಟಿಸುವ ರಸಗಳ ವ್ಯವಸ್ಥೆಯೂ ಬದಲಾಗುತ್ತದೆ. ಒಂದರ ಸಾವನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಮೊದಲ ಪಾಠ ಇದು: ಕಾಯಿಲೆಯ ಚಿಕಿತ್ಸೆ ಬೇರೆ, ಕನ್ನಡಿಯ ಮುಂದಿನ ಚಿಕಿತ್ಸೆ ಬೇರೆ. ಮೊದಲನೆಯದಕ್ಕೆ ತಕ್ಕ ಅಪಾಯವನ್ನು ಎರಡನೆಯದಕ್ಕಾಗಿ ಒಪ್ಪಿಕೊಳ್ಳುವ ಮುನ್ನ ಯುವಜನರು ನೂರು ಬಾರಿ ಯೋಚಿಸಲಿ. ಹೆತ್ತವರಿಗೆ ಹೇಳದೆ ಹೋಗುವಂತಹ ವಾತಾವರಣ ನಮ್ಮ ಮನೆಗಳಲ್ಲಿ ಇದೆಯೇ ಎಂದು ಹೆತ್ತವರೂ ಯೋಚಿಸಲಿ.

ಎರಡನೆಯ ಸಾವು ನೇರವಾಗಿ ಈ ಶಸ್ತ್ರಚಿಕಿತ್ಸೆಗೇ ಸಂಬಂಧಪಟ್ಟದ್ದು. 2024ರ ಏಪ್ರಿಲ್‌ನಲ್ಲಿ ಪುದುಚೇರಿಯ 26 ವರ್ಷದ ಯುವಕನೊಬ್ಬ ಚೆನ್ನೈಯ ಖಾಸಗಿ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ದಾಖಲಾಗಿ ಮೃತಪಟ್ಟ. ತಮಿಳುನಾಡು ಸರ್ಕಾರ ತನಿಖೆ ನಡೆಸಿ ಆ ಆಸ್ಪತ್ರೆಯನ್ನು ತಾತ್ಕಾಲಿಕವಾಗಿ ಮುಚ್ಚಿಸಿತು. ಎರಡನೆಯ ಪಾಠ ಇಲ್ಲಿದೆ: ಶಸ್ತ್ರಚಿಕಿತ್ಸೆ ಯಾವುದು ಎಂಬುದರಷ್ಟೇ ಅದು ಎಲ್ಲಿ ನಡೆಯುತ್ತದೆ ಎಂಬುದೂ ಮುಖ್ಯ. ಅನಿರೀಕ್ಷಿತವಾದುದು ಸಂಭವಿಸಿದರೆ ಅದೇ ಕಟ್ಟಡದಲ್ಲಿ ತೀವ್ರ ನಿಗಾ ಘಟಕ ಇದೆಯೇ, ರಕ್ತ ಸಿಗುತ್ತದೆಯೇ, ನಡುರಾತ್ರಿಯಲ್ಲಿ ಅರಿವಳಿಕೆ ತಜ್ಞರು ಇರುತ್ತಾರೆಯೇ? ಮಾಗಡಿಯಿಂದ ಬೆಂಗಳೂರಿಗೆ ಹೋಗುವ ನಮ್ಮ ಜನರು ಕಟ್ಟಡದ ಗಾಜಿನ ಹೊಳಪನ್ನು ನೋಡಿ ಬರುತ್ತಾರೆಯೇ ಹೊರತು ಈ ಪ್ರಶ್ನೆಗಳನ್ನು ಕೇಳಿ ಬರುವುದು ವಿರಳ.

ಅಂಕಿಗಳು ಏನು ಹೇಳುತ್ತವೆ?

ಅಮೆರಿಕದ ಹತ್ತು ಆಸ್ಪತ್ರೆಗಳಲ್ಲಿ 4,776 ರೋಗಿಗಳನ್ನು ಗಮನಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಬಹುಪಾಲು ಬೈಪಾಸ್ ಮಾಡಿಸಿಕೊಂಡವರು. ಮೊದಲ ಮೂವತ್ತು ದಿನಗಳಲ್ಲಿ ಮೃತರಾದವರು ಸಾವಿರಕ್ಕೆ ಮೂವರು. ಸಾವೂ ಸೇರಿದಂತೆ ಗಂಭೀರ ತೊಡಕಿಗೆ ಸಿಲುಕಿದವರು ನೂರಕ್ಕೆ ನಾಲ್ವರಿಗಿಂತ ತುಸು ಹೆಚ್ಚು. ಕಾಲಿನ ರಕ್ತನಾಳದಲ್ಲಿ ಅಥವಾ ಶ್ವಾಸಕೋಶದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ, ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆಯುಳ್ಳವರಿಗೆ, ನಡೆದಾಡಲು ಬಹಳ ಕಷ್ಟಪಡುವವರಿಗೆ ಅಪಾಯ ಹೆಚ್ಚೆಂದೂ ಅದೇ ಅಧ್ಯಯನ ಕಂಡುಕೊಂಡಿತು.

ಸಾವಿರಕ್ಕೆ ಮೂವರೆಂದರೆ ಎಷ್ಟು? ಹಬ್ಬದ ದಿನ ದೇವಾಲಯದ ಅಂಗಳದಲ್ಲಿ ಸಾವಿರ ಜನ ನೆರೆದಿರುತ್ತಾರೆಂದುಕೊಳ್ಳಿ. ಅವರಲ್ಲಿ 997 ಮಂದಿ ಮನೆಗೆ ಮರಳುತ್ತಾರೆ. ಲೆಕ್ಕದ ದೃಷ್ಟಿಯಿಂದ ಇದು ಸಣ್ಣ ಅಪಾಯ. ಆದರೆ ಮರಳದ ಆ ಮೂವರ ಮನೆಗಳಿಗೆ ಅದು ಮೂರರಷ್ಟಲ್ಲ, ಪೂರ್ತಿ ನೂರು. ಆದ್ದರಿಂದ ಸರಾಸರಿಯನ್ನು ತೋರಿಸಿ ಯಾರ ಭಯವನ್ನೂ ಹಗುರವಾಗಿ ಕಾಣಬಾರದು. ಅಂಕಿಯು ಭಯಕ್ಕೆ ಅಳತೆಯನ್ನು ಕೊಡುತ್ತದೆ, ಸಾಂತ್ವನವನ್ನಲ್ಲ.

ತಕ್ಕಡಿಗೆ ಇನ್ನೊಂದು ತಟ್ಟೆಯೂ ಇದೆ. ಮಾಡಿಸಿಕೊಳ್ಳದೆ ಇರುವುದೂ ಒಂದು ನಿರ್ಧಾರವೇ. ಅದಕ್ಕೂ ಅದರದೇ ಅಪಾಯವುಂಟು. ಸ್ವೀಡನ್ ದೇಶದಲ್ಲಿ 1987ರಿಂದ ಆರಂಭವಾದ ದೀರ್ಘ ಅಧ್ಯಯನವೊಂದರ ಫಲಿತಾಂಶ 2007ರಲ್ಲಿ ಹೊರಬಂದಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 2,010 ಮಂದಿಯನ್ನೂ, ಮಾಡಿಸಿಕೊಳ್ಳದ ಅಂತಹುದೇ 2,037 ಮಂದಿಯನ್ನೂ ಸರಾಸರಿ ಸುಮಾರು ಹನ್ನೊಂದು ವರ್ಷ ಹಿಂಬಾಲಿಸಿದರು. ಮೊದಲ ಗುಂಪಿನಲ್ಲಿ 101 ಮಂದಿ ತೀರಿಕೊಂಡಿದ್ದರು, ಎರಡನೆಯದರಲ್ಲಿ 129 ಮಂದಿ. ಮೊದಲ ಮೂರು ತಿಂಗಳಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನಲ್ಲೇ ಹೆಚ್ಚು ಸಾವುಗಳಾದರೂ, ವರ್ಷಗಳು ಉರುಳಿದಂತೆ ಲೆಕ್ಕ ತಿರುಗಿಬಿದ್ದಿತು. ಚೀಟಿ ಎತ್ತಿ ಗುಂಪು ಮಾಡಿದ ಅಧ್ಯಯನ ಅದಲ್ಲವಾದ್ದರಿಂದ, ಮತ್ತು ಸ್ವೀಡನ್ನಿನವರ ದೇಹಪ್ರಕೃತಿ ನಮ್ಮದಲ್ಲವಾದ್ದರಿಂದ, ಅದನ್ನು ಕಲ್ಲಿನ ಮೇಲಿನ ಬರಹವೆಂದು ಭಾವಿಸಬೇಕಿಲ್ಲ. ಆದರೂ ಒಂದು ಮಾತು ಸ್ಪಷ್ಟ: ಕತ್ತರಿಯ ಅಪಾಯ ಇಂದೇ ಎದುರಿಗೆ ನಿಂತು ಹೆದರಿಸುತ್ತದೆ, ಕಾಯಿಲೆಯ ಅಪಾಯ ಹಿತ್ತಲ ಬಾಗಿಲಿನಿಂದ ಸದ್ದಿಲ್ಲದೆ ಬರುತ್ತದೆ. ಕಣ್ಣಿಗೆ ಕಂಡದ್ದೇ ದೊಡ್ಡದೆಂದು ಮನಸ್ಸು ಭ್ರಮಿಸುವುದು ಸಹಜ.

ಬಿಡುಗಡೆಯಾದ ಮೇಲಿನ ಬದುಕು

ನನ್ನ ಅನುಭವದಲ್ಲಿ, ಜನರು ಶಸ್ತ್ರಚಿಕಿತ್ಸೆಯ ಮೇಜಿಗೆ ಹೆದರುವಷ್ಟು ಅದರ ನಂತರದ ನಲವತ್ತು ವರ್ಷಗಳಿಗೆ ಹೆದರುವುದಿಲ್ಲ. ವಾಸ್ತವವಾಗಿ ಹೆಚ್ಚಿನ ವಿಚಾರಣೆ ಆಗಬೇಕಾದದ್ದು ಇಲ್ಲಿಯೇ.

ಮೊದಲ ವಾರಗಳ ತೊಡಕುಗಳನ್ನು ವೈದ್ಯರು ಹೇಳಿಯೇ ಹೇಳುತ್ತಾರೆ: ಹೊಲಿಗೆಯ ಸಾಲಿನಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರುವುದು. ಮನೆಗೆ ಬಂದ ಮೇಲೆ ಎದೆಬಡಿತ ಏರಿದರೆ, ಜ್ವರ ಬಂದರೆ, ಹೊಟ್ಟೆನೋವು ಹೆಚ್ಚಿದರೆ, ಉಸಿರು ಕಟ್ಟಿದರೆ "ಗ್ಯಾಸ್ ಇರಬೇಕು" ಎಂದು ಕಷಾಯ ಕುಡಿಸುತ್ತಾ ಕೂರದೆ ತಕ್ಷಣ ಹೊರಡಬೇಕು. ಹಾರೋಬೆಲೆಯಂತಹ ಊರಿನಿಂದ ಬೆಂಗಳೂರಿಗೆ ನಡುರಾತ್ರಿ ಹೊರಡಬೇಕಾದರೆ ವಾಹನ ಯಾರದು, ಜೊತೆಗೆ ಬರುವವರು ಯಾರು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿರಬೇಕು.

ಆಮೇಲಿನದು ಊಟದ ವಿಚಾರ. ಕೆಲವು ವಾರ ದ್ರವಾಹಾರ, ಬಳಿಕ ನುಣ್ಣಗೆ ಮಸೆದದ್ದು, ಅನಂತರವೇ ಗಟ್ಟಿ ಆಹಾರ. ಅದೂ ಪುಟ್ಟ ಬಟ್ಟಲಿನಷ್ಟು, ಚೆನ್ನಾಗಿ ಅಗಿದು. ನಮ್ಮ ಸೀಮೆಯವರಿಗೆ ಇದು ಸುಲಭವಲ್ಲ. ರಾಗಿಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಹಾಗೆ ನುಂಗುವುದೇ ಮುದ್ದೆ ಉಣ್ಣುವ ಕ್ರಮವೆಂದು ಮಕ್ಕಳಿಗೂ ಕಲಿಸುತ್ತೇವೆ. ಬೆರಳಗಲದ ಜಠರಕ್ಕೆ ಆ ತುತ್ತು ತಡೆಯದು. ಎದೆಯಲ್ಲಿ ಸಿಕ್ಕಿಕೊಂಡು ವಾಂತಿಯಾದೀತು. ತುತ್ತನ್ನು ನುಂಗುವ ಬಾಯಿಗೆ ಅಗಿಯುವುದನ್ನು ಹೊಸದಾಗಿ ಕಲಿಸಬೇಕು. ಉಣ್ಣುವ ಅಲ್ಪದಲ್ಲಿ ಮೊಟ್ಟೆ, ಮೀನು, ಬೇಳೆ, ಕಾಳುಗಳ ಸತ್ವಕ್ಕೇ ಮೊದಲ ಸ್ಥಾನ. ಅನ್ನ, ಮುದ್ದೆಗಳಿಗೆ ಆಮೇಲಿನದು. ನೀರನ್ನು ಊಟದ ಜೊತೆಗಲ್ಲದೆ ಬೇರೆ ಹೊತ್ತಿನಲ್ಲಿ ಗುಟುಕು ಗುಟುಕಾಗಿ ಕುಡಿಯಬೇಕು.

ಬಿ-12 ಮೊದಲಾದ ಜೀವಸತ್ವಗಳು, ಕಬ್ಬಿಣಾಂಶ, ಸುಣ್ಣಾಂಶಗಳ ಪೂರೈಕೆ ಮತ್ತು ಆಗಾಗ ರಕ್ತಪರೀಕ್ಷೆ ಜೀವಮಾನವಿಡೀ ನಡೆಯಬೇಕು. ಗುಳಿಗೆ ಬಿಟ್ಟವರಲ್ಲಿ ರಕ್ತಹೀನತೆ, ನರಗಳ ದೌರ್ಬಲ್ಯ, ಮೂಳೆ ಸವೆತ ಕಾಣಿಸಿಕೊಳ್ಳುತ್ತವೆ. ಪದೇ ಪದೇ ವಾಂತಿಯಾಗುತ್ತಿದ್ದರೆ ಬಿ-1 ಜೀವಸತ್ವ ಬೇಗನೆ ಬತ್ತಿ ಮೆದುಳಿಗೇ ಹಾನಿಯಾಗಬಹುದು. ಕೆಲವರಿಗೆ ಪಿತ್ತಕೋಶದಲ್ಲಿ ಕಲ್ಲು, ಸ್ಲೀವ್ ಆದ ಕೆಲವರಿಗೆ ಎದೆಯುರಿ. ಮೊದಲ ತಿಂಗಳುಗಳಲ್ಲಿ ಕೂದಲು ಉದುರುವುದೂ ಚರ್ಮ ಜೋತು ಬೀಳುವುದೂ ಸಾಮಾನ್ಯ. ಮಗುವಿನ ಆಸೆಯಿರುವ ಯುವತಿಯರು ಒಂದರಿಂದ ಒಂದೂವರೆ ವರ್ಷವಾದರೂ ಕಾಯಬೇಕೆಂಬುದು ವೈದ್ಯರ ಸಲಹೆ. ಬೈಪಾಸ್ ಆದವರಿಗೆ ಮದ್ಯ ಬೇಗನೆ ತಲೆಗೇರುತ್ತದೆ. ಊಟದಿಂದ ಸಿಗುತ್ತಿದ್ದ ಸುಖವನ್ನು ಕಳೆದುಕೊಂಡ ಮನಸ್ಸು ಬಾಟಲಿಯ ಕಡೆಗೆ ತಿರುಗುವ ಅಪಾಯವೂ ಉಂಟು. ಮದುವೆಮನೆಗಳಲ್ಲಿ "ಒಂದು ಗುಟುಕು" ಎಂದು ಒತ್ತಾಯಿಸುವವರು ಇದನ್ನು ನೆನಪಿಡಲಿ. ಇಷ್ಟೆಲ್ಲ ಆದ ಮೇಲೂ, ಹಳೆಯ ರೂಢಿಗೆ ಮರಳಿದರೆ ಇಳಿದ ತೂಕದ ಒಂದು ಪಾಲು ಮತ್ತೆ ಏರಬಹುದು.

ಇದನ್ನೆಲ್ಲ ಹೆದರಿಸಲು ಬರೆಯುತ್ತಿಲ್ಲ. ಮೊದಲ ಒಂದೆರಡು ವರ್ಷಗಳಲ್ಲಿ ದೇಹದ ತೂಕದ ಕಾಲು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಇಳಿಯುತ್ತದೆ. ಅನೇಕರ ಸಕ್ಕರೆ ಹತೋಟಿಗೆ ಬರುತ್ತದೆ. ರಾತ್ರಿಯ ಉಸಿರು ಸರಾಗವಾಗುತ್ತದೆ. ಆದರೆ ಇದು ಒಂದು ದಿನದ ಶಸ್ತ್ರಕ್ರಿಯೆಯಲ್ಲ, ಜೀವಮಾನದ ವ್ರತ. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆದ ಜಠರ ಮರಳಿ ಬಾರದು. ಹಿಂದಿರುಗಲಾಗದ ಹಾದಿಗೆ ಹೆಜ್ಜೆಯಿಡುವವನು ಹೆದರುವುದು ವಿವೇಕವೇ ಸರಿ.

ಅತ್ತೆಯವರ ಪ್ರಶ್ನೆ

ದೇವರು ಕೊಟ್ಟ ಅಂಗವನ್ನು ಕತ್ತರಿಸಬಹುದೇ? ಇದು ಹಳೆಯ ಪ್ರಶ್ನೆ. ಧರ್ಮಸಭೆಯ ಉತ್ತರವೂ ಹಳೆಯದು. ಇಡೀ ದೇಹದ ಉಳಿವಿಗಾಗಿ ಒಂದು ಅಂಗವನ್ನು ತ್ಯಾಗ ಮಾಡುವುದು ನ್ಯಾಯವೆಂದು ಸಂತ ತೋಮಸರು ಹದಿಮೂರನೆಯ ಶತಮಾನದಲ್ಲಿಯೇ ಬೋಧಿಸಿದರು. ಪೋಪ್ ಹನ್ನೆರಡನೆಯ ಪಯಸ್ ಅವರು 1952ರಲ್ಲಿ ವೈದ್ಯರನ್ನು ಉದ್ದೇಶಿಸಿ ಮಾತನಾಡುತ್ತಾ ಈ ತತ್ತ್ವವನ್ನು ಮತ್ತೆ ಸ್ಪಷ್ಟಪಡಿಸಿದರು. ಅಂಗವು ಇರುವುದು ಇಡಿಯ ದೇಹಕ್ಕಾಗಿ. ಕಾಯಿಲೆಯು ನಿಜವಾಗಿದ್ದು, ಕಡಿಮೆ ಅಪಾಯದ ದಾರಿಗಳು ಫಲಿಸದಿದ್ದಾಗ, ಈ ಚಿಕಿತ್ಸೆಯಲ್ಲಿ ಅಧರ್ಮವೇನೂ ಇಲ್ಲ.

ಹಾಗಾದರೆ ಮಾಡಿಸಿಕೊಳ್ಳಲೇಬೇಕೇ? ಅದೂ ಇಲ್ಲ. ಜೀವವನ್ನು ಕಾಪಾಡಿಕೊಳ್ಳಲು ಸಾಧಾರಣ ಉಪಾಯಗಳನ್ನು ಬಳಸುವ ಹೊಣೆ ನಮ್ಮದು, ತನಗೂ ಇತರರಿಗೂ ವಿಪರೀತ ಹೊರೆಯಾಗುವ ಅಸಾಧಾರಣ ಉಪಾಯಗಳಿಗೆ ಯಾರೂ ಕಟ್ಟುಬಿದ್ದವರಲ್ಲ ಎಂದು ಅದೇ ಪೋಪರು 1957ರ ನವೆಂಬರ್ 24ರಂದು ಅರಿವಳಿಕೆ ವೈದ್ಯರಿಗೆ ವಿವರಿಸಿದರು. ಯಾವುದು ಹೊರೆ, ಎಷ್ಟು ಹೊರೆ ಎಂಬುದು ವ್ಯಕ್ತಿ, ಸ್ಥಳ, ಕಾಲ, ಸಂದರ್ಭಗಳಿಗೆ ತಕ್ಕಂತೆ ಬೇರೆಯಾಗುತ್ತದೆ. ಅದನ್ನು ತೂಗುವ ತಕ್ಕಡಿ ರೋಗಿಯ ಆತ್ಮಸಾಕ್ಷಿಯೇ. ಗಂಡನ ಆಸೆಯೂ ಅಲ್ಲ, ಅಣ್ಣನ ಆತಂಕವೂ ಅಲ್ಲ, ಗುರುಗಳ ಅಪ್ಪಣೆಯೂ ಅಲ್ಲ.

"ಬಾಯಿ ಕಟ್ಟಿದರೆ ಸಾಲದೇ" ಎಂಬ ಮಾತಿಗೂ ಒಂದು ಉತ್ತರ ಬೇಕು. ಹೊಟ್ಟೆಬಾಕತನ ದೋಷ ಹೌದು. ಆದರೆ ದಪ್ಪಗಿರುವವರೆಲ್ಲ ಹೊಟ್ಟೆಬಾಕರಲ್ಲ, ಸಣ್ಣಗಿರುವವರೆಲ್ಲ ಸಂಯಮಿಗಳೂ ಅಲ್ಲ. ವಂಶವಾಹಿ, ಹಾರ್ಮೋನುಗಳು, ಕೆಲವು ಔಷಧಗಳು, ನಿದ್ರೆ, ದುಡಿಮೆಯ ಬಗೆ ಎಲ್ಲವೂ ಸೇರಿ ತೂಕವನ್ನು ನಿರ್ಧರಿಸುತ್ತವೆ. ತೂಕ ಇಳಿದಾಗ ಹಸಿವನ್ನು ಹೆಚ್ಚಿಸಿ ಹಳೆಯ ತೂಕಕ್ಕೇ ಎಳೆಯುವುದು ದೇಹದ ಸ್ವಭಾವ. ಹತ್ತು ವರ್ಷ ಉಪವಾಸ ಬಿದ್ದು ಸೋತವರನ್ನು ಪಾಪಿಗಳಂತೆ ಕಾಣುವುದು ನಮ್ಮ ಮನೆಗಳ ಒಂದು ಕ್ರೌರ್ಯ. ನಮ್ಮ ಸಹೋದರಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಮೊಣಕಾಲಲ್ಲ, ಈ ಮಾತು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಎಷ್ಟು ತೂಕದವರಿಗೆ ಈ ಚಿಕಿತ್ಸೆ? ಕಿಲೋಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಗೆ ಬಿಎಂಐ ಎನ್ನುತ್ತಾರೆ. ನಮ್ಮ ಸಹೋದರಿಯದು ಸುಮಾರು 43. ಅಮೆರಿಕದಲ್ಲಿ 1991ರಲ್ಲಿ ನಿಗದಿಯಾದ ಮಿತಿ 40, ಇತರ ಕಾಯಿಲೆಗಳಿದ್ದರೆ 35. ನಮ್ಮವರಿಗೆ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಅಂಟುವುದರಿಂದ, ಭಾರತೀಯ ತಜ್ಞರು 37.5 ಮತ್ತು 32.5 ಎಂಬ ಮಿತಿಗಳನ್ನು 2009ರಲ್ಲಿ ಸೂಚಿಸಿದರು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಮಿತಿಯನ್ನು ಇನ್ನೂ ಇಳಿಸಿದೆ. ಮಿತಿಯೊಳಗೆ ಬರುವುದೆಂದರೆ ಅರ್ಹತೆ ಮಾತ್ರ, ಅನಿವಾರ್ಯತೆಯಲ್ಲ.

ವೈದ್ಯರ ಮುಂದೆ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಈ ಶಸ್ತ್ರಚಿಕಿತ್ಸೆಯನ್ನು ತಾವು ಎಷ್ಟು ಮಾಡಿದ್ದೀರಿ? ತಮ್ಮ ಕೈಯಲ್ಲಿ ತೊಡಕಾದವರು ಎಷ್ಟು ಮಂದಿ, ಅವರನ್ನು ಹೇಗೆ ನಿಭಾಯಿಸಿದಿರಿ? ನನಗೆ ಸ್ಲೀವ್ ಏಕೆ, ಬೈಪಾಸ್ ಏಕೆ ಬೇಡ? ಆಹಾರ ತಜ್ಞರೂ ಮನೋವೈದ್ಯರೂ ತಂಡದಲ್ಲಿದ್ದಾರೆಯೇ? ಐದು ವರ್ಷಗಳ ಬಳಿಕ ನನ್ನನ್ನು ನೋಡುವವರು ಯಾರು? 2025ರಲ್ಲಿ ಮೌಂಜಾರೋ, ವೆಗೋವಿ ಎಂಬ ಚುಚ್ಚುಮದ್ದುಗಳು ಭಾರತಕ್ಕೂ ಬಂದಿರುವುದರಿಂದ, ಮೊದಲು ಆ ದಾರಿಯನ್ನು ಪರೀಕ್ಷಿಸಬಹುದೇ? ಅವುಗಳಿಗೂ ಖರ್ಚುಂಟು, ಅಡ್ಡಪರಿಣಾಮಗಳುಂಟು, ನಿಲ್ಲಿಸಿದರೆ ತೂಕ ಮರಳುವುದುಂಟು. ಪ್ರಶ್ನೆ ಕೇಳಿದರೆ ಸಿಡುಕುವ ವೈದ್ಯರಿಗಿಂತ, ತಾಳ್ಮೆಯಿಂದ ಉತ್ತರಿಸುವವರ ಕೈಗೆ ದೇಹವನ್ನು ಒಪ್ಪಿಸುವುದು ಮೇಲು. ವಿಮೆಯಿದ್ದವರು ಪತ್ರವನ್ನು ಓದಿಸಿ ತಿಳಿದುಕೊಳ್ಳಲಿ. ಬಿಎಂಐ 40ಕ್ಕೆ ಮೇಲಿದ್ದರೆ, ಅಥವಾ 35ಕ್ಕೆ ಮೇಲಿದ್ದು ಗಂಭೀರ ಕಾಯಿಲೆಗಳಿದ್ದರೆ, ಕೆಲವು ಷರತ್ತುಗಳೊಂದಿಗೆ ವಿಮೆ ಸಿಗುವ ಸಾಧ್ಯತೆಯಿದೆ. ಬಡ್ಡಿಯ ಸಾಲ ತಂದು ಮಾಡಿಸುವುದಾದರೆ, ಆ ಸಾಲವೂ ತಕ್ಕಡಿಯಲ್ಲಿ ಕೂರಬೇಕಾದ ಹೊರೆಯೇ.

ಕೊನೆಯದಾಗಿ ಅಭ್ಯಂಗ ಸಂಸ್ಕಾರದ ಮಾತು. ಗುರುಗಳು ತೈಲ ಹಚ್ಚಲು ಬಂದರೆ ಸಾವು ಬಂದಂತೆಯೇ ಎಂಬ ಹೆದರಿಕೆ ನಮ್ಮ ಹಿರಿಯರಲ್ಲಿ ಇಂದಿಗೂ ಇದೆ. ಪೋಪ್ ಆರನೆಯ ಪೌಲರು 1972ರಲ್ಲಿ ಈ ಸಂಸ್ಕಾರವನ್ನು ಪರಿಷ್ಕರಿಸಿದ ಮೇಲೆ ಅದು ಸಾಯುವವರದು ಮಾತ್ರವಲ್ಲ, ಅಸ್ವಸ್ಥರೆಲ್ಲರದು. ಗಂಭೀರ ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ಸ್ವೀಕರಿಸುವುದು ಯುಕ್ತ. ತಪಸ್ಸುಕಾಲದ ಉಪವಾಸದ ನಿಯಮವೂ ಇಂತಹ ರೋಗಿಗಳಿಗೆ ಅನ್ವಯಿಸುವುದಿಲ್ಲ. ಹಬ್ಬದೂಟದಲ್ಲಿ ಅವರ ತಟ್ಟೆಗೆ ಒತ್ತಾಯದಿಂದ ಬಡಿಸುವುದು ಪ್ರೀತಿಯೂ ಅಲ್ಲ.

ಕಳೆದ ಶನಿವಾರ ಆ ದಂಪತಿಗಳು ಮತ್ತೆ ಬಂದಿದ್ದರು. ಆಕೆ ಎರಡನೆಯ ವೈದ್ಯರನ್ನು ಕಂಡು ಬಂದಿದ್ದಾರೆ. ಮೊದಲು ರಾತ್ರಿಯ ಉಸಿರಾಟವನ್ನು ಪರೀಕ್ಷಿಸಿ, ಗಾಳಿಯೊತ್ತುವ ಯಂತ್ರದಿಂದ ಅದನ್ನು ಸರಿಪಡಿಸಿ, ಸಕ್ಕರೆಯನ್ನು ಇಳಿಸಿಕೊಂಡು, ಮೂರು ತಿಂಗಳ ಬಳಿಕ ತೀರ್ಮಾನಿಸೋಣವೆಂದು ಆ ವೈದ್ಯರು ಹೇಳಿದ್ದಾರೆ. ಈ ಬಾರಿ ಅಣ್ಣನೇ ಅವರನ್ನು ಕಾರಿನಲ್ಲಿ ಕರೆದೊಯ್ದಿದ್ದರು. ಅತ್ತೆಯವರು ಮುದ್ದೆಯನ್ನು ನಿಂಬೆಹಣ್ಣಿನಷ್ಟು ಮಾಡಿ ಸೊಸೆಗೆ ಅಗಿದು ಉಣ್ಣಲು ಕಲಿಸುತ್ತಿದ್ದಾರಂತೆ.

"ಹೆದ್ರಿಕೆ ಹೋಯ್ತೇನಮ್ಮಾ?" ಎಂದೆ.

"ಇಲ್ಲ ಸ್ವಾಮಿ, ಇದೆ. ಆದ್ರೆ ಈಗ ಯಾವುದಕ್ಕೆ ಹೆದರ್ತಿದೀನಿ ಅಂತ ಗೊತ್ತು" ಎಂದರು.

ಆಕೆ ಮುಂದೆ ಏನು ನಿರ್ಧರಿಸುತ್ತಾರೋ ನಾನರಿಯೆ. ಮಾಡಿಸಿಕೊಂಡರೂ, ಬೇಡವೆಂದರೂ ಆ ನಿರ್ಧಾರಕ್ಕೆ ಬೆನ್ನು ಕೊಟ್ಟು ನಿಲ್ಲುವುದು ಮನೆಯವರ ಧರ್ಮ. ನಿಮ್ಮ ಮನೆಯಲ್ಲಿಯೂ ಇಂತಹ ಹೊತ್ತು ಬಂದರೆ ರೋಗಿಯನ್ನು ಹೆದರಿಸಬೇಡಿ, ಹುರಿದುಂಬಿಸಿ ತಳ್ಳಲೂ ಬೇಡಿ. ಪಕ್ಕದಲ್ಲಿ ಕುಳಿತು ಆ ಭಯದ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ. ತೂಗುವ ಕೆಲಸ ಅಲ್ಲಿಂದ ಆರಂಭವಾಗುತ್ತದೆ.